ನಿಮಗಿದು ಗೊತ್ತೇ? – ಕರೆದರೆ ಓಗೊಡುವ ಡಿಸ್ಕುಗಳು

ಪೆನ್‌ಡ್ರೈವ್ ಚುಚ್ಚಿದ ಮರುಕ್ಷಣವೇ ಪರದೆಯ ಮೂಲೆಯಲ್ಲಿ ಅದರ ಹೆಸರು ಮೂಡುವುದನ್ನು ನೋಡಿ ಬೆಳೆದವರಿಗೆ ಈ ಸಲದ ಸಂಗತಿಗಳು ಅಜ್ಜಿಕತೆಯಂತೆ ಕಾಣಬಹುದು. ಕಂಪ್ಯೂಟರಿಗೆ ಕಣ್ಣಿಲ್ಲ. ತನ್ನ ಹೊಟ್ಟೆಯೊಳಗೆ ಡಿಸ್ಕ್ ಇದೆಯೋ ಇಲ್ಲವೋ ಎಂದು ಅದು ಕೂಗಿ ಕೇಳಬೇಕು, ಕಾಯಬೇಕು. ಉತ್ತರ ಬರದಿದ್ದರೆ ‘ಮನೆಯಲ್ಲಿ ಯಾರೂ ಇಲ್ಲ’ ಅಂತಲೋ ‘ಇನ್ನೂ ಎದ್ದಿಲ್ಲ’ ಅಂತಲೋ ತಾನೇ ತೀರ್ಮಾನಿಸಬೇಕು. ಹಳೆಯ ಯಂತ್ರಗಳ ಅರ್ಧ ರಗಳೆಯೆಲ್ಲ ಈ ಮೌನಕ್ಕೆ ಅರ್ಥ ಹಚ್ಚುವುದರಲ್ಲೇ ಇತ್ತು.

★

ಮೊದಮೊದಲ ಹಾರ್ಡ್ ಡಿಸ್ಕುಗಳಿಗೆ ತಾವೆಷ್ಟು ದೊಡ್ಡವೆಂದು ಗೊತ್ತೇ ಇರಲಿಲ್ಲ! 1980ರಲ್ಲಿ ಬಂದ, 5 ಮೆಗಾಬೈಟ್ ಹಿಡಿಸುವ ಎಸ್‌ಟಿ-506 ಡ್ರೈವಿನಲ್ಲಿ ತಿರುಗುವ ತಟ್ಟೆ, ಓಡಾಡುವ ಹೆಡ್, ಒಂದಿಷ್ಟು ಸರ್ಕೀಟು, ಅಷ್ಟೇ. ಬುದ್ಧಿಯೆಲ್ಲ ಕಂಪ್ಯೂಟರಿಗೆ ಸಿಕ್ಕಿಸಿದ ಕಂಟ್ರೋಲರ್ ಕಾರ್ಡಿನದು. ಹಾಗಾಗಿ ‘ನಿನ್ನಲ್ಲಿ ಎಷ್ಟು ಸಿಲಿಂಡರ್, ಎಷ್ಟು ಹೆಡ್?’ ಎಂದು ಡಿಸ್ಕನ್ನು ಕೇಳಿ ಪ್ರಯೋಜನವಿರಲಿಲ್ಲ. 1984ರ ಐಬಿಎಂ ಪಿಸಿ ಎಟಿ ಇದಕ್ಕೊಂದು ದಾರಿ ಮಾಡಿತು: ಯಂತ್ರವನ್ನು ಎಬ್ಬಿಸುವ ಬಯಾಸ್ ಚಿಪ್ಪಿನಲ್ಲಿ ಡಿಸ್ಕುಗಳ ಒಂದು ಪಟ್ಟಿ, ಪ್ರತಿಯೊಂದಕ್ಕೂ ಒಂದು ನಂಬರು. ನಿಮ್ಮ ಡಿಸ್ಕ್ ಯಾವ ನಂಬರಿನದೆಂದು ನೀವೇ ಹೇಳಬೇಕು. ತಪ್ಪು ನಂಬರು ಕೊಟ್ಟರೆ ಕಂಪ್ಯೂಟರ್ ಅದನ್ನೇ ನಂಬಿ ಇಲ್ಲದ ಜಾಗಕ್ಕೆ ಹೆಡ್ ಓಡಿಸಲು ಹೊರಡುತ್ತಿತ್ತು. ಬರಬರುತ್ತಾ ಈ ಪಟ್ಟಿ 46ರವರೆಗೆ ಬೆಳೆದು, 47ನೆಯದನ್ನು ‘ನಿಮ್ಮ ಅಳತೆ ನೀವೇ ತುಂಬಿಕೊಳ್ಳಿ’ ಎಂದು ಖಾಲಿ ಬಿಟ್ಟ ಬಯಾಸ್‌ಗಳೂ ಬಂದವು. ಆಗಿನ ರಿಪೇರಿಯವರು ಡಿಸ್ಕಿನ ಮೇಲೆ ಪೆನ್ನಿನಲ್ಲಿ ಸಿಲಿಂಡರ್, ಹೆಡ್, ಸೆಕ್ಟರುಗಳ ಮೂರು ಸಂಖ್ಯೆ ಗೀಚಿಡುತ್ತಿದ್ದುದು ಸುಮ್ಮನೆ ಅಲ್ಲ.

★

ಆ ನಂಬರು ಎಲ್ಲಿ ಉಳಿಯುತ್ತಿತ್ತು? ಸಣ್ಣ ಬ್ಯಾಟರಿಯ ಬಲದಲ್ಲಿ ಬದುಕುವ ಸೀಮಾಸ್ ನೆನಪಿನಲ್ಲಿ. ಬ್ಯಾಟರಿ ಸತ್ತರೆ ನಂಬರೂ ಹೋಯಿತು. ಡಿಸ್ಕ್ ಗಟ್ಟಿಮುಟ್ಟಾಗಿ ಒಳಗೆ ಕೂತೇ ಇದ್ದರೂ ಯಂತ್ರ ‘ಡಿಸ್ಕ್ ಇಲ್ಲ’ ಅನ್ನುತ್ತಿತ್ತು. ಸತ್ತದ್ದು ಸೆಲ್ಲು, ಆದರೆ ಅತ್ತದ್ದು ಡಿಸ್ಕಿಗಾಗಿ.

★

ಆಗಿನ ಆಪರೇಟಿಂಗ್ ಸಿಸ್ಟಂ ಡಾಸ್ ಯಾವತ್ತೂ ತಾನಾಗಿ ಡಿಸ್ಕ್ ಹುಡುಕಿದ್ದೇ ಇಲ್ಲ. ಅದು ಬಯಾಸನ್ನು ಕೇಳುತ್ತಿತ್ತು. ಬಯಾಸ್ ನೆನಪಿನಲ್ಲಿ ಒಂದೇ ಒಂದು ಬೈಟ್ ಮೀಸಲು: ಹಾರ್ಡ್ ಡಿಸ್ಕ್ ಎಷ್ಟಿವೆ ಎಂಬ ಲೆಕ್ಕ. ಅಲ್ಲಿ ಸೊನ್ನೆ ಇದ್ದರೆ ಡಾಸ್ ಪಾಲಿಗೆ ಹಾರ್ಡ್ ಡಿಸ್ಕೇ ಇಲ್ಲ.

★

ಹಾಗಾದರೆ 1983ರ ಪಿಸಿ ಎಕ್ಸ್‌ಟಿಯ ಬಯಾಸಿಗೆ 10 ಮೆಗಾಬೈಟಿನ ಡಿಸ್ಕ್ ಹೇಗೆ ತಿಳಿಯಿತು? ಕಂಟ್ರೋಲರ್ ಕಾರ್ಡು ತನ್ನ ತಂತ್ರಾಂಶವನ್ನು ತಾನೇ ಹೊತ್ತು ತರುತ್ತಿತ್ತು. ಯಂತ್ರ ಚಾಲೂ ಆದಾಗ ಬಯಾಸ್ ನೆನಪಿನ ಮೇಲ್ಭಾಗವನ್ನು 2 ಕಿಲೋಬೈಟಿಗೊಮ್ಮೆ ತಟ್ಟಿ ನೋಡುತ್ತದೆ. ಎಲ್ಲಾದರೂ ‘55 ಎಎ’ ಎಂಬ ಎರಡು ಬೈಟುಗಳ ಗುರುತು ಸಿಕ್ಕಿತೋ, ಮೊತ್ತ ಸರಿಯಿದೆಯೇ ಎಂದು ತಾಳೆ ನೋಡಿ, ಕಾರ್ಡಿಗೆ ಸ್ವಲ್ಪ ಹೊತ್ತು ಯಜಮಾನಿಕೆ ಬಿಟ್ಟುಕೊಡುತ್ತದೆ. ಕಾರ್ಡು ತನ್ನ ಡಿಸ್ಕನ್ನು ಲೆಕ್ಕಕ್ಕೆ ಸೇರಿಸಿ ಹಿಂದಿರುಗುತ್ತದೆ. ಆ ಕಾಲದ ತಂತ್ರಜ್ಞರಿಗೆ ಡಿಬಗ್ ಕಾರ್ಯಕ್ರಮದೊಳಗೆ ‘ಜಿ=ಸಿ800:5’ ಎಂದು ಕುಟ್ಟುವುದು ಮಂತ್ರದಂತೆ ಬಾಯಿಪಾಠವಾಗಿತ್ತು. ಕಾರ್ಡಿನೊಳಗೆ ಅಡಗಿದ್ದ ಫಾರ್ಮ್ಯಾಟ್ ಕಾರ್ಯಕ್ರಮದ ಬಾಗಿಲು ತೆರೆಯುವ ವಿಳಾಸ ಅದು.

★

1986ರ ಸುಮಾರಿಗೆ ಬಂದ ಐಡಿಇ ಡಿಸ್ಕುಗಳು ಕಂಟ್ರೋಲರನ್ನು ಡಿಸ್ಕಿನ ಮೈಮೇಲೆಯೇ ಕೂರಿಸಿದವು. ಬುದ್ಧಿ ಬಂದಮೇಲೆ ಬಾಯಿಯೂ ಬಂತು. ‘ನೀನು ಯಾರು?’ ಎಂಬ ಒಂದೇ ಒಂದು ಅಪ್ಪಣೆಗೆ (ಹದಿನಾರರ ಲೆಕ್ಕದಲ್ಲಿ ಅದು ಇಸಿ) ಡಿಸ್ಕ್ 512 ಬೈಟುಗಳ ಸ್ವಪರಿಚಯ ಒಪ್ಪಿಸುತ್ತದೆ: ಸರಣಿ ಸಂಖ್ಯೆ, ಒಳ ತಂತ್ರಾಂಶದ ಆವೃತ್ತಿ, 40 ಅಕ್ಷರಗಳ ಮಾಡೆಲ್ ಹೆಸರು, ಎಷ್ಟು ಹಿಡಿಸುತ್ತದೆ ಎಂಬ ಲೆಕ್ಕ.

ಇಲ್ಲೊಂದು ತಮಾಷೆ ಇದೆ. ಹೆಸರಿನ ಅಕ್ಷರಗಳು ಜೋಡಿಜೋಡಿಯಾಗಿ ಅದಲುಬದಲಾಗಿ ಬರುತ್ತವೆ. ಡಿಸ್ಕಿಗೆ ‘ಮಡಿಕೇರಿ’ ಎಂದು ಹೆಸರಿದ್ದರೆ ಅದು ಒಪ್ಪಿಸುವುದು ‘ಡಿಮರಿಕೇ’ ಎಂದು. ಮೊದಲ ಸಲ ಡಿಸ್ಕ್ ಚಾಲಕ ತಂತ್ರಾಂಶ ಬರೆಯುವ ವಿದ್ಯಾರ್ಥಿಗಳು ಈ ಗೊಂದಲದಲ್ಲಿ ಒಮ್ಮೆಯಾದರೂ ಬೀಳುತ್ತಾರೆ. ತಮ್ಮ ಪ್ರೋಗ್ರಾಮೇ ಕೆಟ್ಟಿದೆ ಅಂದುಕೊಳ್ಳುತ್ತಾರೆ, ಪಾಪ.

★

ಅದೇ ಪ್ರಶ್ನೆಯನ್ನು ಸಿಡಿ ಡ್ರೈವಿಗೆ ಕೇಳಿದರೆ? ಅದು ಉತ್ತರಿಸುವುದಿಲ್ಲ, ಅಪ್ಪಣೆಯನ್ನು ತಳ್ಳಿಹಾಕುತ್ತದೆ. ಆದರೆ ತಳ್ಳಿಹಾಕುವಾಗ ಎರಡು ಖಾನೆಗಳಲ್ಲಿ ‘14’ ಮತ್ತು ‘ಇಬಿ’ ಎಂಬ ಗುರುತು ಬಿಟ್ಟುಹೋಗುತ್ತದೆ. ‘ನಾನು ಡಿಸ್ಕ್ ಅಲ್ಲ, ನನ್ನನ್ನು ಬೇರೆ ಭಾಷೆಯಲ್ಲಿ ಮಾತಾಡಿಸಿ’ ಎಂದು ಅದರ ಅರ್ಥ. ಆಪರೇಟಿಂಗ್ ಸಿಸ್ಟಂ ಆಗ ‘ಎ1’ ಎಂಬ ಇನ್ನೊಂದು ಅಪ್ಪಣೆ ಕೊಟ್ಟು ಪರಿಚಯ ಕೇಳುತ್ತದೆ.

★

ಕ್ಯಾಬಿನೆಟ್ಟಿನ ಮುಂಭಾಗದಲ್ಲಿ ಮಿನುಗುವ ಹಾರ್ಡ್ ಡಿಸ್ಕ್ ದೀಪವನ್ನು ಉರಿಸುವ ತಂತಿಯೇ ಎರಡನೆಯ ಡಿಸ್ಕಿನ ಹಾಜರಿಯನ್ನೂ ಹೇಳುತ್ತಿತ್ತು ಎಂದರೆ ನಂಬುತ್ತೀರಾ? 40 ಪಿನ್ನುಗಳ ಐಡಿಇ ಕೇಬಲ್ಲಿನಲ್ಲಿ ಅದು 39ನೆಯದು. ಯಂತ್ರ ಚಾಲೂ ಆದ 400 ಮಿಲಿಸೆಕೆಂಡಿನೊಳಗೆ ಈ ಎರಡನೆಯ ಡಿಸ್ಕ್ (ಅದಕ್ಕೆ ‘ಸ್ಲೇವ್’ ಎಂದು ಹೆಸರು) ಈ ತಂತಿಯನ್ನು ಎಳೆದು ‘ನಾನಿದ್ದೇನೆ’ ಅನ್ನಬೇಕು. ಮೊದಲನೆಯದು, ಅಂದರೆ ‘ಮಾಸ್ಟರ್’ ಡಿಸ್ಕ್, ಅದನ್ನು ಗಮನಿಸಿ ನೆನಪಿಟ್ಟುಕೊಳ್ಳುತ್ತದೆ. ಆಮೇಲೆ ಅದೇ ತಂತಿ ದೀಪದ ಕೆಲಸಕ್ಕೆ ಹೋಗುತ್ತದೆ. ಒಂದೇ ಸಂಬಳಕ್ಕೆ ಎರಡು ಕೆಲಸ.

★

ಕೇಬಲ್ಲಿನ ಕೊನೆಯಲ್ಲಿ ಏನೂ ಇಲ್ಲದಿದ್ದರೆ ಕಂಪ್ಯೂಟರಿಗೆ ಏನು ಕಾಣುತ್ತದೆ? ಸೊನ್ನೆ ಅಂದುಕೊಳ್ಳುತ್ತೇವೆ, ಹಾಗಲ್ಲ. ಯಾರೂ ಉತ್ತರಿಸದ ತಂತಿಗಳು ಸಾಮಾನ್ಯವಾಗಿ ಎಲ್ಲವೂ ಒಂದು ಒಂದು ಎಂದೇ ಓದಿಸಿಕೊಳ್ಳುತ್ತವೆ. ಐಡಿಇಯಲ್ಲಿ ಅದು ದೊಡ್ಡ ತೊಡಕು, ಏಕೆಂದರೆ ಸ್ಥಿತಿ ತಿಳಿಸುವ ಬೈಟಿನ ಎಂಟನೆಯ ಬಿಟ್ ಒಂದಾಗಿದ್ದರೆ ‘ಕೆಲಸದಲ್ಲಿದ್ದೇನೆ, ತಾಳಿ’ ಎಂದರ್ಥ. ಇಲ್ಲದ ಡಿಸ್ಕಿಗಾಗಿ ಯಂತ್ರ ಕಾದೇ ಕಾಯುತ್ತದೆ! ಅದಕ್ಕೇ ಮದರ್‌ಬೋರ್ಡ್ ಕಡೆ ಆ ಒಂದು ತಂತಿಗೆ ಮಾತ್ರ 10 ಕಿಲೋಓಮಿನ ರೆಸಿಸ್ಟರ್ ಹಾಕಿ ಕೆಳಕ್ಕೆಳೆದಿರಬೇಕೆಂದು ನಿಯಮ ಮಾಡಿದರು. ಕೆಲವು ಪೈಸೆಯ ರೆಸಿಸ್ಟರ್ ಎಷ್ಟು ಜನರ ಬೆಳಗಿನ ಹೊತ್ತು ಉಳಿಸಿತೋ.

ಮಾಸ್ಟರ್ ಇದ್ದು ಸ್ಲೇವ್ ಇಲ್ಲದಿದ್ದಾಗಿನ ಕತೆ ಇನ್ನೂ ಚೆನ್ನಾಗಿದೆ. ಗೈರುಹಾಜರಾದ ಸ್ಲೇವಿನ ಹೆಸರು ಕೂಗಿದಾಗ ಮಾಸ್ಟರೇ ಸ್ಥಿತಿಯ ಜಾಗದಲ್ಲಿ ಸೊನ್ನೆ ತೋರಿಸುತ್ತದೆ. ಕಾಲೇಜಿನಲ್ಲಿ ಪ್ರಾಕ್ಸಿ ಹಾಜರಿ ಹಾಕಿದವರಿಗೆ ಇದು ವಿಚಿತ್ರ ಅನ್ನಿಸಬಹುದು: ಗೆಳೆಯನ ಪರವಾಗಿ ಎದ್ದು ನಿಂತು ‘ಅವನು ಬಂದಿಲ್ಲ ಸಾರ್’ ಎಂದು ನಿಜ ಹೇಳುವ ಪ್ರಾಕ್ಸಿ ಇದು.

★

ಹಾಜರಿ ಕೂಗಿದ ಮೇಲೆ ಎಷ್ಟು ಹೊತ್ತು ಕಾಯಬೇಕು? ನಿಯಮದ ಪ್ರಕಾರ 31 ಸೆಕೆಂಡು. ತಟ್ಟೆ ತಿರುಗಿ ವೇಗ ಹಿಡಿಯಲು ಡಿಸ್ಕಿಗೆ ಅಷ್ಟು ಸಮಯ ಕೊಡಬೇಕು. ಲಿನಕ್ಸ್ ಇಂಥ ಹೊತ್ತಿನಲ್ಲಿ ಪರದೆಯ ಮೇಲೆ ‘ನಿಧಾನವಾಗಿ ಉತ್ತರಿಸುತ್ತಿದೆ, ದಯವಿಟ್ಟು ತಾಳ್ಮೆಯಿರಲಿ’ ಎಂಬರ್ಥದ ಸಾಲು ಬರೆಯುತ್ತದೆ. ಅಷ್ಟು ಮರ್ಯಾದೆಯಿಂದ ಮಾತಾಡುವ ದೋಷಸಂದೇಶ ನಾನು ಬೇರೆ ಕಂಡಿಲ್ಲ.

ಇದಕ್ಕೆ ಎದುರಾದ ಇನ್ನೊಂದು ತುದಿ: ಮಾಸ್ಟರಿನಿಂದ ಸ್ಲೇವಿನ ಕಡೆಗೆ ಗಮನ ತಿರುಗಿಸಿದ ಮೇಲೆ 400 ನ್ಯಾನೊಸೆಕೆಂಡು ಬಿಟ್ಟು ಸ್ಥಿತಿ ಓದಬೇಕು. ಅಷ್ಟು ಸಣ್ಣ ಹೊತ್ತನ್ನು ಅಳೆಯುವುದು ಹೇಗೆ? ಪ್ರೋಗ್ರಾಮರುಗಳು ಅದೇ ಬೈಟನ್ನು ನಾಲ್ಕು ಸಲ ಓದಿ ಬಿಸಾಡಿ, ಐದನೆಯದನ್ನು ನಂಬಿದರು.

★

ಮಾಸ್ಟರ್ ಯಾರು, ಸ್ಲೇವ್ ಯಾರು ಎಂದು ತೀರ್ಮಾನಿಸುತ್ತಿದ್ದುದು ಡಿಸ್ಕಿನ ಹಿಂಬದಿಯ ಕಡಲೆಬೇಳೆ ಗಾತ್ರದ ಜಂಪರ್. ಕೆಲವು ಡಿಸ್ಕುಗಳಲ್ಲಿ ‘ಒಂಟಿ’ ಎಂಬ ಮೂರನೆಯ ಸ್ಥಾನವೂ ಇತ್ತು. ಒಬ್ಬಂಟಿ ಡಿಸ್ಕಿಗೆ ‘ಮಾಸ್ಟರ್’ ಜಂಪರ್ ಹಾಕಿದರೆ ಅದು ಇಲ್ಲದ ಜೊತೆಗಾರನಿಗಾಗಿ ಕಾಯುತ್ತಾ ಕೂರುತ್ತಿತ್ತು. ಒಮ್ಮೆ ಹಳೆಯ ಡಿಸ್ಕೊಂದರಿಂದ ಫೋಟೋ ತೆಗೆಯಲು ಹೋಗಿ ಇಡೀ ಸಂಜೆ ಕಳೆದುಕೊಂಡವನು ನಾನು. ಕೇಬಲ್ ಬದಲಿಸಿದೆ, ಪವರ್ ಸಪ್ಲೈ ಬದಲಿಸಿದೆ, ಡಿಸ್ಕಿಗೆ ಬೈದೆ. ಮರುದಿನ ಬೆಂಗಳೂರಿನ ಎಸ್.ಪಿ. ರಸ್ತೆಯ ಅಂಗಡಿಯೊಂದರಲ್ಲಿ ಹೊಸ ಕೇಬಲ್ ಕೇಳಿದಾಗ ಅಲ್ಲಿದ್ದ ಹುಡುಗ ಡಿಸ್ಕನ್ನು ತಿರುಗಿಸಿ ನೋಡಿ, ಉಗುರಿನಿಂದ ಜಂಪರ್ ಕಿತ್ತು ನನ್ನ ಅಂಗೈಗಿಟ್ಟ. ‘ಕೇಬಲ್ ಬೇಡ ಸಾರ್, ಹಾಗೇ ಹಾಕಿ, ಬರುತ್ತೆ.’ ಬಂತು.

★

2003ರಲ್ಲಿ ಅಮೆರಿಕದ ಲಾಸ್ ಏಂಜಲೀಸ್ ಕೌಂಟಿ ಆಡಳಿತ ‘ಮಾಸ್ಟರ್-ಸ್ಲೇವ್’, ಅಂದರೆ ಒಡೆಯ-ಗುಲಾಮ, ಎಂಬ ಪದಗಳನ್ನು ಉಪಕರಣಗಳ ಮೇಲೆ ಬಳಸಬೇಡಿ ಎಂದು ಸರಬರಾಜುದಾರರನ್ನು ಕೋರಿತ್ತು. ಐಡಿಇಯ ಅಧಿಕೃತ ನಿಯಮಾವಳಿಯಾದ ಎಟಿಎ ಡಿಸ್ಕುಗಳನ್ನು ಕರೆಯುವುದು ‘ಸಾಧನ 0’, ‘ಸಾಧನ 1’ ಎಂದು.

★

ಫ್ಲಾಪಿ ಡ್ರೈವ್ ಮಾತ್ರ ಕೊನೆಯವರೆಗೂ ಮೂಕನಾಗಿಯೇ ಉಳಿಯಿತು. ಅದಕ್ಕೆ ಹೆಸರಿಲ್ಲ, ಮಾಡೆಲ್ ಇಲ್ಲ, ಪರಿಚಯ ಹೇಳಿಕೊಳ್ಳುವ ಅಪ್ಪಣೆಯೂ ಇಲ್ಲ. ಅದು ಹೇಳಬಲ್ಲ ದೊಡ್ಡ ಸುದ್ದಿಯೆಂದರೆ ‘ಹೆಡ್ ಸೊನ್ನೆಯ ಟ್ರ್ಯಾಕಿಗೆ ಬಂತು’ ಎಂಬುದು. ಬಯಾಸ್ ಅದನ್ನೇ ಉಪಾಯವಾಗಿ ಬಳಸಿಕೊಂಡಿತು. ಹೆಡ್ಡನ್ನು 40 ದಾಟಿಸಿ ಒಳಕ್ಕೆ ಓಡಿಸು, ಮತ್ತೆ ಹಿಂದಕ್ಕೆ ತಾ, ಎಷ್ಟು ಹೆಜ್ಜೆಗೆ ಸೊನ್ನೆ ಸಿಕ್ಕಿತೆಂದು ಎಣಿಸು. ಬೇಗ ಸಿಕ್ಕರೆ ಅದು 40 ಟ್ರ್ಯಾಕಿನ ಹಳೆಯ ಡ್ರೈವ್, ಲೆಕ್ಕ ಸರಿಹೋದರೆ 80 ಟ್ರ್ಯಾಕಿನದು. ಕುರುಡರು ಕೋಣೆಯ ಉದ್ದವನ್ನು ಹೆಜ್ಜೆಯಲ್ಲಿ ಅಳೆಯುವ ಹಾಗೆ.

ಇಷ್ಟರಾಚೆ ಆಪರೇಟಿಂಗ್ ಸಿಸ್ಟಂ ನಂಬುತ್ತಿದ್ದುದು ಸೀಮಾಸಿನಲ್ಲಿ ಬರೆದಿಟ್ಟ ಮಾತನ್ನೇ. ಫ್ಲಾಪಿ ಡ್ರೈವನ್ನು ಕಿತ್ತುಹಾಕಿ, ಬಯಾಸ್ ಸೆಟಪ್ಪಿನಲ್ಲಿ ಅಳಿಸುವುದನ್ನು ಮರೆತ ಕಂಪ್ಯೂಟರುಗಳಲ್ಲಿ ‘ಎ:’ ಐಕಾನ್ ದೆವ್ವದಂತೆ ಉಳಿದುಬಿಡುತ್ತಿತ್ತು. ಇವತ್ತಿಗೂ ಎಷ್ಟೋ ವರ್ಚುವಲ್ ಯಂತ್ರಗಳು ಲಿನಕ್ಸ್ ಏಳುವಾಗ ‘ಎಫ್‌ಡಿ0 ಓದಲಾಗಲಿಲ್ಲ’ ಎಂಬ ದೂರು ಹೇಳುತ್ತವೆ. ಅಲ್ಲಿ ಫ್ಲಾಪಿಯೂ ಇಲ್ಲ, ಡ್ರೈವೂ ಇಲ್ಲ, ಕಂಪ್ಯೂಟರೂ ನಿಜವಾದದ್ದಲ್ಲ. ದೂರು ಮಾತ್ರ ನಿಜ.

★

ಫ್ಲಾಪಿ ಕೇಬಲ್ಲಿನ ನಡುವೆ ಏಳು ತಂತಿಗಳನ್ನು ಸೀಳಿ ತಿರುಚಿರುತ್ತಾರೆ, ನೋಡಿದ್ದೀರಾ? ಅದು ತಯಾರಿಕೆಯ ದೋಷವಲ್ಲ. ಎರಡೂ ಡ್ರೈವುಗಳಿಗೆ ಒಂದೇ ಜಂಪರ್ ಹಾಕಿ ಮಾರಲು ಐಬಿಎಂ ಮಾಡಿದ ಉಪಾಯ. ತಿರುಚಿನ ಆಚೆ ಇರುವುದು ‘ಎ:’, ಈಚೆ ಇರುವುದು ‘ಬಿ:’. ಕೇಬಲ್ ತಿರುಗುಮುರುಗಾಗಿ ಸಿಕ್ಕಿಸಿದರೆ ಡ್ರೈವಿನ ಹಸಿರು ದೀಪ ಆರುವುದೇ ಇಲ್ಲ.

★

ಕಮೊಡೋರ್ ಕಂಪನಿಯ ಅಮಿಗಾ ಕಂಪ್ಯೂಟರ್ ಖಾಲಿ ಕೂತಾಗಲೂ ಟಕ್, ಟಕ್ ಎನ್ನುತ್ತಿತ್ತು. ಹೊಸ ಫ್ಲಾಪಿ ಹಾಕಿದ್ದು ತಿಳಿಯಬೇಕಾದರೆ ಹೆಡ್ಡನ್ನು ಒಂದು ಹೆಜ್ಜೆ ಸರಿಸಲೇಬೇಕಿತ್ತು. ಆಗಷ್ಟೇ ‘ಡಿಸ್ಕ್ ಬದಲಾಯಿತು’ ಎಂಬ ಗುರುತು ಸರಿಹೋಗುವುದು. ಆ ಟಕ್ಕನ್ನು ನಿಲ್ಲಿಸಲೆಂದೇ ಬೇರೆ ಪುಟ್ಟ ತಂತ್ರಾಂಶಗಳು ಹುಟ್ಟಿಕೊಂಡವು. ಆಪಲ್ 2 ಇನ್ನೂ ಜೋರು. ಅದರ ಡಿಸ್ಕ್ 2 ಡ್ರೈವಿನಲ್ಲಿ ಸೊನ್ನೆಯ ಟ್ರ್ಯಾಕ್ ಗುರುತಿಸುವ ಸೆನ್ಸರನ್ನೇ ಇಟ್ಟಿರಲಿಲ್ಲ, ಖರ್ಚು ಉಳಿಸಲು. ಹೆಡ್ಡನ್ನು ಗೋಡೆಗೆ ಬಡಿಯುವವರೆಗೂ ಹಿಂದಕ್ಕೆ ತಳ್ಳುವುದೇ ಅದರ ಪದ್ಧತಿ. ಚಾಲೂ ಮಾಡಿದಾಗಿನ ಆ ಕರಕರ ಸದ್ದು ಕೆಟ್ಟುಹೋದದ್ದರ ಲಕ್ಷಣವಲ್ಲ, ಆರೋಗ್ಯದ ಲಕ್ಷಣ.

★

ಇನ್ನು ಗೋಡೆಗಳ ಸುದ್ದಿ. ಬಯಾಸ್ 1024 ಸಿಲಿಂಡರುಗಳವರೆಗೆ ಮಾತ್ರ ಎಣಿಸಬಲ್ಲದು. ಐಡಿಇ 16 ಹೆಡ್ಡುಗಳವರೆಗೆ ಮಾತ್ರ. ಒಬ್ಬರಿಗೆ ಒಂದು ಕೈ ಗಿಡ್ಡ, ಇನ್ನೊಬ್ಬರಿಗೆ ಇನ್ನೊಂದು. ಇಬ್ಬರ ಗಿಡ್ಡ ಅಳತೆಗಳನ್ನೇ ಗುಣಿಸಿ, ಟ್ರ್ಯಾಕಿಗೆ 63 ಸೆಕ್ಟರ್ ಸೇರಿಸಿದರೆ 528 ಮೆಗಾಬೈಟ್. ಅದಕ್ಕಿಂತ ದೊಡ್ಡ ಡಿಸ್ಕ್ ಹಾಕಿದವರಿಗೆ ಮಿಕ್ಕದ್ದು ಕಾಣಿಸಲೇ ಇಲ್ಲ. ಆ ಗೋಡೆ ಒಡೆದರೆ 8.4 ಗಿಗಾಬೈಟಿನಲ್ಲಿ ಇನ್ನೊಂದು, ಅದರಾಚೆ 137 ಗಿಗಾಬೈಟಿನಲ್ಲಿ ಮತ್ತೊಂದು. 2001ರ ವಿಂಡೋಸ್ ಎಕ್ಸ್‌ಪಿಯ ಮೊದಲ ರೂಪಕ್ಕೂ 137ರ ಆಚೆ ಕಾಣುತ್ತಿರಲಿಲ್ಲ.

ಎಲ್ಲಕ್ಕಿಂತ ಕೆಟ್ಟದ್ದು 33.8 ಗಿಗಾಬೈಟಿನ ಗೋಡೆ. ಅಲ್ಲಿ ಕೆಲವು ಬಯಾಸ್‌ಗಳು ಡಿಸ್ಕನ್ನು ಕಿರಿದಾಗಿ ತೋರಿಸುತ್ತಿರಲಿಲ್ಲ. ಡಿಸ್ಕಿನ ಪರಿಚಯ ಕೇಳಿಸಿಕೊಂಡ ಕೂಡಲೇ ದಿಗ್ಭ್ರಮೆಯಾಗಿ ನಿಂತೇಬಿಡುತ್ತಿದ್ದವು. ಪರಿಹಾರ? ಡಿಸ್ಕ್ ತಯಾರಕರು ಇನ್ನೊಂದು ಜಂಪರ್ ಇಟ್ಟರು. ಅದನ್ನು ಹಾಕಿದರೆ ಡಿಸ್ಕ್ ತನ್ನ ವಯಸ್ಸು ಮುಚ್ಚಿಡುವವರ ಹಾಗೆ ‘ನಾನು 32 ಮಾತ್ರ’ ಎಂದು ಸುಳ್ಳು ಹೇಳುತ್ತಿತ್ತು.

★

ಸ್ಕಸಿ (ಬರೆಯುವುದು ಎಸ್‌ಸಿಎಸ್‌ಐ) ಇವೆಲ್ಲಕ್ಕಿಂತ ಶಿಸ್ತಿನ ಮನೆ. ಒಂದೇ ತಂತಿಸಾಲಿನಲ್ಲಿ 0ಯಿಂದ 7ರವರೆಗೆ ಎಂಟು ಮನೆ ನಂಬರು, 7 ಸಾಮಾನ್ಯವಾಗಿ ಕಂಟ್ರೋಲರಿಗೆ. ಕಂಟ್ರೋಲರ್ ಒಂದೊಂದೇ ನಂಬರು ಕೂಗುತ್ತದೆ. ಕಾಲು ಸೆಕೆಂಡಿನೊಳಗೆ ಓಗೊಡದಿದ್ದರೆ ಮುಂದಿನ ಮನೆ. ಓಗೊಟ್ಟರೆ ಪರಿಚಯ ಕೇಳುತ್ತದೆ, 36 ಬೈಟಿನ ಉತ್ತರ ಬರುತ್ತದೆ. ಮೊದಲ ಬೈಟಿನಲ್ಲಿ ಜಾತಿ: 0 ಅಂದರೆ ಡಿಸ್ಕ್, 1 ಟೇಪ್, 5 ಸಿಡಿ. ಫ್ರೀಬಿಎಸ್‌ಡಿ ಬಳಸಿದವರಿಗೆ ‘ಸ್ಕಸಿ ಸಾಧನಗಳು ಸ್ಥಿಮಿತಕ್ಕೆ ಬರಲು 15 ಸೆಕೆಂಡು ಕಾಯುತ್ತಿದ್ದೇನೆ’ ಎಂಬ ಅರ್ಥದ ಸಾಲು ನೆನಪಿರಬೇಕು. ಚಹಾಕ್ಕೆ ಏಳಲು ಅದೇ ಗಂಟೆ.

ಶಿಸ್ತಿನ ಮನೆಯಲ್ಲೂ ತುಂಟರಿದ್ದರು. ಒಂದು ನಂಬರಿನೊಳಗೆ ಎಂಟು ಉಪಸಂಖ್ಯೆಗಳಿಗೆ ಅವಕಾಶವಿತ್ತು. ಕೆಲವು ಸಾಧನಗಳು ಎಂಟಕ್ಕೂ ‘ಹ್ಞೂಂ, ನಾನೇ’ ಅನ್ನುತ್ತಿದ್ದವು, ಒಂದು ಡಿಸ್ಕ್ ಎಂಟಾಗಿ ಕಾಣುತ್ತಿತ್ತು. ಎರಡನೆಯ ಸಲ ಕೂಗಿದರೆ ಕೋಮಾಕ್ಕೆ ಹೋಗುವ ಸಾಧನಗಳೂ ಇದ್ದವು. ಲಿನಕ್ಸಿನ ಮೂಲದಲ್ಲಿ ಇಂಥವರ ಹೆಸರು, ಮಾಡೆಲ್ ಸಮೇತ ಒಂದು ಕಪ್ಪುಪಟ್ಟಿಯೇ ಇದೆ. ಯಾರೂ ಬಳಸದ ಎಷ್ಟೋ ಡ್ರೈವುಗಳು ಆ ಪಟ್ಟಿಯಲ್ಲಿ ಮಾತ್ರ ಅಮರ.

★

ಹಳೆಯ ಮ್ಯಾಕಿಂಟಾಷ್‌ನಲ್ಲಿ ಸ್ಕಸಿ ಡಿಸ್ಕ್ ತನ್ನ ಚಾಲಕ ತಂತ್ರಾಂಶವನ್ನು ತನ್ನೊಳಗೇ ಇಟ್ಟುಕೊಂಡು ಬರುತ್ತಿತ್ತು. ಡಿಸ್ಕಿನ ಸೊನ್ನೆಯ ಖಾನೆಯಲ್ಲಿ ‘ಚಾಲಕ ಇಂಥಲ್ಲಿದೆ’ ಎಂಬ ವಿಳಾಸ. ಮದುಮಗ ಪುರೋಹಿತರನ್ನೂ ಜೊತೆಗೇ ಕರೆತಂದ ಹಾಗೆ.

★

ಹುಡುಕುವುದೇ ಅಪಾಯವಾಗಿದ್ದ ಕಾಲವೂ ಇತ್ತು. ಹಳೆಯ ಐಎಸ್‌ಎ ಕಾರ್ಡುಗಳನ್ನು ಪತ್ತೆ ಮಾಡಲು ಒಂದೊಂದೇ ಪೋರ್ಟನ್ನು ತಟ್ಟಬೇಕು. ಸ್ಕಸಿ ಕಾರ್ಡ್ ಇರಬಹುದೆಂದು ತಟ್ಟಿದ ಬಾಗಿಲು ನೆಟ್‌ವರ್ಕ್ ಕಾರ್ಡಿನದಾಗಿದ್ದರೆ ಇಡೀ ಯಂತ್ರವೇ ಹೆಪ್ಪುಗಟ್ಟಬಹುದು. ವಿಂಡೋಸ್ 95ರ ಅಳವಡಿಕೆ ಇದನ್ನು ಮೊದಲೇ ಊಹಿಸಿತ್ತು. ಪ್ರತಿ ಬಾಗಿಲು ತಟ್ಟುವ ಮೊದಲು ‘ಈಗ ಇದನ್ನು ತಟ್ಟುತ್ತಿದ್ದೇನೆ’ ಎಂದು ಒಂದು ಕಡತದಲ್ಲಿ ಬರೆದಿಡುವುದು. ಯಂತ್ರ ನಿಂತುಹೋದರೆ ಕರೆಂಟ್ ಆರಿಸಿ ಮತ್ತೆ ಹಾಕಿ, ಅಷ್ಟೇ. ಎರಡನೆಯ ಸಲ ಅದು ತನ್ನದೇ ಬರಹ ಓದಿ ಆ ಬಾಗಿಲನ್ನು ಬಿಟ್ಟು ಮುಂದೆ ಹೋಗುತ್ತದೆ. ವಿಂಡೋಸ್ 95ನ್ನು ಬೈಯುವವರು ಈ ಒಂದು ಜಾಣತನಕ್ಕೆ ಕೈಮುಗಿಯಲೇಬೇಕು.

★

ಸಿಡಿ ಡ್ರೈವುಗಳ ಆರಂಭದಲ್ಲಿ ಪ್ಯಾನಾಸೋನಿಕ್, ಸೋನಿ, ಮಿತ್ಸುಮಿ ಮೂರಕ್ಕೂ ಬೇರೆಬೇರೆ ಕನೆಕ್ಟರು. ಸೌಂಡ್ ಕಾರ್ಡಿನ ಮೇಲೆ ಮೂರನ್ನೂ ಸಾಲಾಗಿ ಇಟ್ಟು ಮಾರುತ್ತಿದ್ದರು. ಸಿಡಿ ಹಾಡಲು ಮಾತ್ರವಲ್ಲ, ಎಷ್ಟೋ ಸಲ ಪತ್ತೆಯಾಗಲೂ ಸೌಂಡ್ ಕಾರ್ಡ್ ಬೇಕಿತ್ತು.

★

ಸಿಕ್ಕಿದ ಮೇಲೂ ಹೆಸರಿಡುವ ತಕರಾರು. ಡಾಸ್ ಮೊದಲು ಎಲ್ಲ ಡಿಸ್ಕುಗಳ ಪ್ರಧಾನ ಭಾಗಗಳಿಗೆ ಅಕ್ಷರ ಹಂಚಿ, ಆಮೇಲೆ ಉಳಿದವುಗಳ ಕಡೆ ನೋಡುತ್ತಿತ್ತು. ಎರಡನೆಯ ಡಿಸ್ಕ್ ಸೇರಿಸಿದ ದಿನ ನಿಮ್ಮ ಹಳೆಯ ‘ಡಿ:’ ಸದ್ದಿಲ್ಲದೆ ‘ಇ:’ ಆಗಿಬಿಡುತ್ತಿತ್ತು. ಲಿನಕ್ಸ್ ಐಡಿಇ ಡಿಸ್ಕಿಗೆ ಕೂತ ಜಾಗ ನೋಡಿ ಹೆಸರಿಟ್ಟಿತು, ಎಚ್‌ಡಿಎಯಿಂದ ಎಚ್‌ಡಿಡಿವರೆಗೆ. ಸ್ಕಸಿಗೆ ಓಗೊಟ್ಟ ಸರದಿ ನೋಡಿ, ಎಸ್‌ಡಿಎ, ಎಸ್‌ಡಿಬಿ ಎಂದು. 2007ರ ಹೊತ್ತಿಗೆ ಫೆಡೋರಾ 7ರಂಥ ವಿತರಣೆಗಳಲ್ಲಿ ಐಡಿಇ ಡಿಸ್ಕುಗಳೂ ಎಸ್‌ಡಿ ಮನೆತನಕ್ಕೆ ಸೇರಿದವು. ಹಳೆಯ ಐಡಿಇ ವಿಭಾಗವನ್ನು 2021ರಲ್ಲಿ ಲಿನಕ್ಸ್ 5.14ರಿಂದ ತೆಗೆದುಹಾಕಿದರು.

★

ವಿಂಡೋಸ್ ಎಕ್ಸ್‌ಪಿ ಅಳವಡಿಸುವಾಗ ಎಫ್6 ಒತ್ತಿದ ನೆನಪಿದೆಯೇ? ಐಡಿಇಯ ಜಾಗಕ್ಕೆ ಬಂದ ಹೊಸ ಸಾಟಾ ಡಿಸ್ಕ್ ಎಷ್ಟೋ ಸಲ ಅದಕ್ಕೆ ಕಾಣುತ್ತಿರಲಿಲ್ಲ, ಡ್ರೈವರ್ ಕೊಡಬೇಕಿತ್ತು. ಎಲ್ಲಿಂದ? ‘ಎ:’ ಫ್ಲಾಪಿಯಿಂದ ಮಾತ್ರ! ಹೊಸ ಡಿಸ್ಕಿಗೆ ಹಳೆಯ ಫ್ಲಾಪಿಯೇ ಜಾಮೀನು. ಫ್ಲಾಪಿ ಡ್ರೈವೇ ಇಲ್ಲದ ಲ್ಯಾಪ್‌ಟಾಪುಗಳವರು ಬಯಾಸಿಗೆ ಹೋಗಿ ಸಾಟಾವನ್ನು ಐಡಿಇ ವೇಷಕ್ಕೆ ಬದಲಿಸಿ ಗೆದ್ದರು.

★

ನಿಮ್ಮ ಪೆನ್‌ಡ್ರೈವ್ ಯುಎಸ್‌ಬಿಯೊಳಗೆ ಆಡುವುದು ಹಳೆಯ ಸ್ಕಸಿಯ ಮಾತನ್ನೇ. ಚುಚ್ಚಿದ ಕೂಡಲೇ ಅದಕ್ಕೆ ಹೋಗುವುದು 1980ರ ದಶಕದ ಅದೇ ಪರಿಚಯದ ಪ್ರಶ್ನೆ. ಬರುವುದೂ ಅದೇ 36 ಬೈಟು. ಲಿನಕ್ಸಿನಲ್ಲಿ ಅದಕ್ಕೆ ಎಸ್‌ಡಿಬಿ ಎಂಬಂಥ ಹೆಸರು ಸಿಗುವುದು ಅದಕ್ಕೇ.

★

ಕ್ಯೂಎಮು ಎಂಬ ತಂತ್ರಾಂಶದಲ್ಲಿ ಒಂದು ವರ್ಚುವಲ್ ಪಿಸಿ ಎಬ್ಬಿಸಿ, ಅದರ ಐಡಿಇ ಡಿಸ್ಕಿಗೆ ಆ ಇಸಿ ಅಪ್ಪಣೆ ಕೊಟ್ಟು ನೋಡಿ. ತಟ್ಟೆಯಿಲ್ಲ, ಹೆಡ್ಡಿಲ್ಲ, ಕೇಬಲ್ಲಿಲ್ಲ. ಆದರೂ ‘ಕ್ಯೂಎಮು ಹಾರ್ಡ್‌ಡಿಸ್ಕ್’ ಎಂದು 40 ಅಕ್ಷರಗಳ ಖಾನೆಯಲ್ಲಿ ಹೆಸರು ಹೇಳುತ್ತದೆ, ಅಕ್ಷರಗಳನ್ನು ಜೋಡಿಜೋಡಿಯಾಗಿ ಅದಲುಬದಲು ಮಾಡಿಯೇ.